ಮಾತೆಲ್ಲ ತಗಾದೆಯಾಗಿ ಕೇಳುವ ಮಕ್ಕಳು

(ಸಣ್ಣ ಕೆಲಸ ಹೇಳಿದರೂ ಒತ್ತಾಯ ಅನ್ನಿಸಿ ಹೆದರುವ ಮಕ್ಕಳ ಬಗ್ಗೆ ಶಿವಮೊಗ್ಗದಲ್ಲಿ ಪೋಷಕರು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಅಡಿಕೆ ತೋಟ, ಹಳೇ ಮನೆ, ಹಿಂದುಗಡೆ ಬಚ್ಚಲು. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ನನ್ನ ಮಗನಿಗೆ ಆ ಒಲೆ ಅಂದರೆ ಪ್ರಾಣ. ಒಣಗಿದ ಸೋಗೆ, ಅಡಿಕೆ ಸಿಪ್ಪೆ ತಂದು ಒಂದೊಂದಾಗಿ ಒಳಗೆ ನೂಕುತ್ತಾ ಗಂಟೆಗಟ್ಟಲೆ ಕೂರುತ್ತಿದ್ದ. ಬಿಸಿನೀರೂ ಇಷ್ಟ. ಒಮ್ಮೆ ಮೈಮೇಲೆ ಹೊಯ್ದುಕೊಳ್ಳಲು ಶುರು ಮಾಡಿದರೆ ಹಂಡೆ ಖಾಲಿ ಆಗುವವರೆಗೂ ಏಳುತ್ತಿರಲಿಲ್ಲ. ಆದರೆ 'ಸ್ನಾನಕ್ಕೆ ಬಾ' ಅಂದರೆ ಮುಗೀತು.

ಅವನಿಗೆ ಆಗ ಎಂಟು ವರ್ಷ. ಆಷಾಢದ ಮಳೆ, ಕರೆಂಟು ಇಲ್ಲ, ಸಂಜೆ. 'ಅಪ್ಪಿ, ನೀರು ಕಾದಿದೆ, ಸ್ನಾನ ಮಾಡು' ಅಂದೆ. 'ನಾನೀಗ ಬೆಕ್ಕು. ಬೆಕ್ಕು ಸ್ನಾನ ಮಾಡಲ್ಲ' ಅಂದ. ನಗು ಬಂತು. ಐದು ನಿಮಿಷ ಬಿಟ್ಟು ಮತ್ತೆ ಹೇಳಿದೆ. 'ನನ್ನ ಕಾಲು ಇವತ್ತು ಕೆಲಸ ಮಾಡ್ತಿಲ್ಲ' ಅಂದ. ಮೂರನೇ ಸಲಕ್ಕೆ ನನ್ನ ತಾಳ್ಮೆ ಹೋಯಿತು. ಕೈ ಹಿಡಿದು ಎಳೆದೆ. ಅವನು ನನ್ನ ಮಣಿಕಟ್ಟು ಕಚ್ಚಿ, ಅಟ್ಟ ಹತ್ತಿ, ಅಡಿಕೆ ಚೀಲಗಳ ಹಿಂದೆ ಸೇರಿಕೊಂಡ. ಟಾರ್ಚ್ ಹಿಡಿದು ನೋಡಿದರೆ ಗಡಗಡ ನಡುಗುತ್ತಿದ್ದ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಮಕ್ಕಳ ಮುಖ ಹೇಗಿರುತ್ತದೋ ಹಾಗಿತ್ತು.

ಒಂದೂವರೆ ಗಂಟೆ ಹೀಗೇ ಹೋಯಿತು. ಆಮೇಲೆ ನಮ್ಮ ಅತ್ತೆ ಬಚ್ಚಲಿಗೆ ಹೋಗಿ, ಹಂಡೆಯ ಕಡೆ ಮುಖ ಮಾಡಿ ತಮ್ಮಷ್ಟಕ್ಕೇ ಅಂದರು: 'ಇವತ್ತು ನೀರು ಜಾಸ್ತೀನೇ ಕಾದು ಹೋತು ಅಂತ ಕಾಣ್ತು. ತಣ್ಣೀರು ಎಷ್ಟು ಬೆರೆಸಕೋ ಏನೋ, ನಂಗಂತೂ ಗೊತ್ತಾಗದಿಲ್ಲೆ.' ಅಷ್ಟೇ. ಅಟ್ಟದ ಕಡೆ ತಿರುಗಿಯೂ ನೋಡದೆ ದೇವರ ದೀಪ ಹಚ್ಚಲು ಹೋದರು. ಹತ್ತು ನಿಮಿಷ ಕಳೆದಿರಬೇಕು, ಬಚ್ಚಲಿಂದ ಚೊಂಬಿನ ಸದ್ದು ಕೇಳಿತು.

ನಾನು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅತ್ತೆಗೆ ಬಂದ ವಿದ್ಯೆ ನನಗೆ ಯಾಕೆ ಬರಲಿಲ್ಲ ಅಂತ. ಇವತ್ತು ನಾನು ಹೇಳಬೇಕು ಅಂತಿರುವುದೆಲ್ಲ ಆ ಹತ್ತು ನಿಮಿಷದೊಳಗೇ ಇದೆ. ಅದನ್ನು ಬಿಡಿಸಿ ನೋಡಲು ನನಗೆ ಐದು ವರ್ಷ ಬೇಕಾಯಿತು.

ಮಗನಿಗೆ ಆಟಿಸಂ ಇದೆ, ಅಂದರೆ ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆ, ಅಂತ ಆರು ವರ್ಷಕ್ಕೆ ಗೊತ್ತಾಗಿತ್ತು. ಆದರೆ ಆಟಿಸಂ ಬಗ್ಗೆ ನಮಗೆ ಹೇಳಿದ್ದ ಉಪಾಯಗಳು ಇವನ ಹತ್ತಿರ ನಡೆಯುತ್ತಿರಲಿಲ್ಲ. ದಿನದ ವೇಳಾಪಟ್ಟಿ ಚಿತ್ರ ಬರೆದು ಗೋಡೆಗೆ ಅಂಟಿಸಿ ಅಂದರು. ಬಹಳ ಮಕ್ಕಳಿಗೆ ಅದರಿಂದ ನೆಮ್ಮದಿ ಸಿಗುತ್ತದೆ, ನಿಜ. ಇವನು ಎರಡನೇ ದಿನಕ್ಕೇ ಹರಿದು ಒಲೆಗೆ ಹಾಕಿದ. ಕೆಲಸ ಮಾಡಿದರೆ ಸ್ಟಾರ್ ಕೊಡಿ ಅಂದರು. 'ನಿನ್ನ ಸ್ಟಾರ್ ನಂಗೆ ಬೇಡ' ಅಂದ. ಮಾತು ಬೇರೆ ಚುರುಕು. ಜನರ ಜೊತೆ ಬೆರೆಯುವ ಹಾಗೂ ಕಾಣುತ್ತಿದ್ದ. ಹಾಗಾಗಿ ನೆಂಟರಿಗೆ ಆಟಿಸಂ ಅಂದರೆ ನಂಬಿಕೆಯೇ ಇಲ್ಲ. ಹಟ, ಸೊಕ್ಕು, ಅತಿ ಮುದ್ದು. 'ನಾಲ್ಕು ಬಾರಿಸು, ದಂಡಂ ದಶಗುಣಂ' ಅಂದವರು ಎಷ್ಟೋ ಜನ. ದೃಷ್ಟಿ ತೆಗೆಸಿದ್ದೂ ಆಯಿತು, ಹರಕೆ ಹೊತ್ತಿದ್ದೂ ಆಯಿತು. ಆ ಕಥೆ ಬೇಡ, ನಿಮಗೆಲ್ಲ ಗೊತ್ತಿರುವುದೇ.

ಇಂಥ ಮಕ್ಕಳನ್ನು ಗಮನಿಸಿ ಮೊದಲು ಹೆಸರು ಕೊಟ್ಟವರು ಎಲಿಜಬೆತ್ ನ್ಯೂಸನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. 1980ರ ದಶಕದಲ್ಲಿ ಅವರ ಹತ್ತಿರ ಬರುತ್ತಿದ್ದ ಕೆಲವು ಮಕ್ಕಳಲ್ಲಿ ಆಟಿಸಂನ ಲಕ್ಷಣ ಇತ್ತು, ಆದರೆ ಪೂರ್ತಿ ಹೊಂದುತ್ತಿರಲಿಲ್ಲ. ದಿನನಿತ್ಯದ ಸಣ್ಣ ಸಣ್ಣ ಕೆಲಸವನ್ನೂ ತಪ್ಪಿಸಿಕೊಳ್ಳುವುದು ಆ ಮಕ್ಕಳೆಲ್ಲರಲ್ಲೂ ಕಾಣುತ್ತಿತ್ತು. ತಪ್ಪಿಸಿಕೊಳ್ಳುವ ರೀತಿಯೂ ಜಾಣತನದ್ದು. ಮಾತು ಬದಲಿಸುವುದು, ನೆಪ ಹೇಳುವುದು, ಚೌಕಾಸಿ ಮಾಡುವುದು, ಬೇರೆ ಯಾರೋ ಆಗಿಬಿಡುವುದು. ನಮ್ಮವನು ಬೆಕ್ಕಾದ ಹಾಗೆ. ಅವರು ಇದಕ್ಕೆ ಪೆಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್, ಚಿಕ್ಕದಾಗಿ ಪಿಡಿಎ ಅಂತ ಹೆಸರಿಟ್ಟರು. ಏನು ಮಾಡು ಅಂದರೂ ರೋಗ ಅನ್ನಿಸುವಷ್ಟು ತಪ್ಪಿಸಿಕೊಳ್ಳುವುದು ಅಂತ ಅದರ ಅರ್ಥ. 2003ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಬರೆದ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೇಲೆ ಹೆಸರು ಹೆಚ್ಚು ಜನಕ್ಕೆ ತಲುಪಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪಿಡಿಎ ಒಂದು ಬೇರೆಯೇ ಕಾಯಿಲೆ ಅಂತ ವೈದ್ಯಲೋಕ ಒಪ್ಪಿಲ್ಲ. ಡಾಕ್ಟರುಗಳು ಬಳಸುವ ಕಾಯಿಲೆಗಳ ಪಟ್ಟಿ ನೋಡಿದರೆ, ಡಿಎಸ್‌ಎಂ-5ರಲ್ಲಿ ಇಲ್ಲ, ಐಸಿಡಿ-11ರಲ್ಲೂ ಇಲ್ಲ. ಆಟಿಸಂ ಇರುವ ಕೆಲವರಲ್ಲಿ ಕಾಣುವ ಒಂದು ಸ್ವಭಾವದ ಚಿತ್ರ ಅಂತ ಹೇಳುವವರು ಹೆಚ್ಚು. ಡೇಮಿಯನ್ ಮಿಲ್ಟನ್ ಅವರಂಥ, ಸ್ವತಃ ಆಟಿಸಂ ಇರುವ ವಿದ್ವಾಂಸರು 'ಹೇಳಿದ್ದು ಕೇಳದೇ ಇರುವುದನ್ನು ರೋಗ ಅಂತ ಕರೆಯಬಹುದಾ?' ಅಂತ ತಕರಾರು ಎತ್ತಿದ್ದಾರೆ. 'ಪೆಥಲಾಜಿಕಲ್' ಅನ್ನುವ ಪದ ಬೇಡ ಅಂತ ಪರ್ವೇಸಿವ್ ಡ್ರೈವ್ ಫಾರ್ ಆಟಾನಮಿ ಅಂತ ಹೇಳುವವರೂ ಇದ್ದಾರೆ. ತನ್ನ ಬದುಕು ತನ್ನ ಕೈಯಲ್ಲೇ ಇರಬೇಕು ಅನ್ನುವ, ಬಿಡಲಾಗದ ತುಡಿತ ಅಂತ ಅದರ ಅರ್ಥ. ನನಗೂ ಇದೇ ಸರಿ ಅನ್ನಿಸುತ್ತದೆ. ಹೆಸರಿನ ಜಗಳ ತಜ್ಞರು ಮಾಡಲಿ. ನಮ್ಮ ಮನೆಯ ಮಗುವಿಗೆ ಏನಾಗುತ್ತಿದೆ ಅಂತ ತಿಳಿಯಲು ಆ ವಿವರಣೆ ನನಗೆ ಉಪಯೋಗಕ್ಕೆ ಬಂತು.

ಡಿಮ್ಯಾಂಡ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? 'ಬೇಡಿಕೆ' ಅಂದರೆ ಅಡಿಕೆ ಮಾರುಕಟ್ಟೆ ನೆನಪಾಗುತ್ತದೆ. ನಾನು 'ತಗಾದೆ' ಅನ್ನುತ್ತೇನೆ. ಸಾಲ ಕೊಟ್ಟವನು ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತಿದ್ದಾನೆ ಅಂದುಕೊಳ್ಳಿ. ಬಾಯಿಬಿಟ್ಟು ಏನೂ ಕೇಳಿಲ್ಲ. ಒಳ್ಳೆಯ ಮಾತೇ ಆಡುತ್ತಿದ್ದಾನೆ, ಕೊಟ್ಟ ಕಾಫಿ ಕುಡಿಯುತ್ತಿದ್ದಾನೆ. ಆದರೂ ಒಳಗಿರುವವರಿಗೆ ಎದೆ ಹೊಡೆದುಕೊಳ್ಳುತ್ತದೆ ಅಲ್ವಾ? ಹಿಂದಿನ ಬಾಗಿಲಿಂದ ತೋಟಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ. ಈ ಮಕ್ಕಳಿಗೆ 'ಏಳು' ಅನ್ನುವುದೂ ಹಾಗೇ ಕೇಳುತ್ತದೆ, 'ತಿಂಡಿ ತಿನ್ನು' ಅನ್ನುವುದೂ ಹಾಗೇ. ಗಡಿಯಾರ ಒಂಬತ್ತು ಹೊಡೆದರೂ ತಗಾದೆಯೇ. ಹೊಟ್ಟೆ ಹಸಿದರೆ ಹೊಟ್ಟೆಯದೂ ತಗಾದೆ. ಒಂದು ದಿನಕ್ಕೆ ಎಷ್ಟು ಜನ ಸಾಲ ಕೊಟ್ಟವರು ಜಗಲಿಗೆ ಬಂದು ಕೂತ ಹಾಗಾಯಿತು, ಲೆಕ್ಕ ಹಾಕಿ.

ಮೊದಲು ಬರುವುದು ಹೆದರಿಕೆ. ತನ್ನ ಕೈಯಲ್ಲಿದ್ದದ್ದು ತಪ್ಪಿ ಹೋಗುತ್ತಿದೆ ಅನ್ನುವ ಹೆದರಿಕೆ. 'ಮಾಡಲ್ಲ' ಅನ್ನುವುದು ಅದರ ಹಿಂದೆ ಬರುತ್ತದೆ. ನೆಪ, ಚೌಕಾಸಿ, ಬೆಕ್ಕಿನ ವೇಷ, ಇದೆಲ್ಲ ನಡೆಯದಿದ್ದಾಗ ಉಳಿಯುವುದು ಹೊಡೆಯುವುದು, ಓಡುವುದು, ಇಲ್ಲವೇ ಮರಗಟ್ಟಿ ಕೂರುವುದು. ಅದನ್ನೇ ನಾವು ಹಟ ಅನ್ನುತ್ತೇವೆ. ಹಟ ಮಾಡುವ ಮಗು ಕೇಳಿದ್ದು ಸಿಕ್ಕಿದರೆ ನಗುತ್ತದೆ. ಈ ಮಗುವಿಗೆ ಆ ಹೊತ್ತಿನಲ್ಲಿ ಏನು ಕೊಟ್ಟರೂ ನಿಲ್ಲಲು ಆಗುವುದಿಲ್ಲ. ಆಮೇಲೆ ಸುಸ್ತಾಗಿ ಮಲಗುತ್ತದೆ, ನಾಚಿಕೆ ಪಡುತ್ತದೆ.

ಇಷ್ಟಪಡುವ ಕೆಲಸವೂ ಆಗದೇ ಹೋಗುತ್ತದೆ. ಇದನ್ನು ಒಪ್ಪಿಕೊಳ್ಳುವುದು ನನಗೆ ತುಂಬಾ ಕಷ್ಟವಾಗಿತ್ತು. ಇವನಿಗೆ ಆನೆ ಅಂದರೆ ಹುಚ್ಚು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಬೇಕು, ಬೆಳಿಗ್ಗೆ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸಿ ತೊಳೆಯುವುದು ನೋಡಬೇಕು ಅಂತ ಹದಿನೈದು ದಿನ ಅವನೇ ಜಪ ಮಾಡಿದ. ಆ ದಿನ ಬೆಳಗಿನ ಜಾವ ಎದ್ದು ಚಪ್ಪಲಿಯನ್ನೂ ಹಾಕಿಕೊಂಡ. ಕಾರಿನ ಬಾಗಿಲ ಹತ್ತಿರ ನಿಂತವನು ಹತ್ತಲಿಲ್ಲ. 'ಅಮ್ಮಾ, ನಂಗೆ ಹೋಗ್ಬೇಕು, ಆದ್ರೆ ಹೋಗಕ್ಕೆ ಆಗ್ತಿಲ್ಲ' ಅಂತ ಅತ್ತ. ತಾನೇ ಇಟ್ಟುಕೊಂಡ ಆಸೆ ದಿನ ಹತ್ತಿರ ಬಂದ ಹಾಗೆ ತಗಾದೆಯಾಗಿ ಬಿಟ್ಟಿತ್ತು. ನನ್ನನ್ನು ಸತಾಯಿಸಲು ಮಾಡುತ್ತಿದ್ದಾನೆ ಅನ್ನುವ ಅನುಮಾನ ನನ್ನ ತಲೆಯಿಂದ ಹೋಗಿದ್ದು ಅವತ್ತು.

ಈಗ ನಮ್ಮ ಮಲೆನಾಡಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪ್ರೀತಿ ತೋರಿಸುವುದೇ ಒತ್ತಾಯದಲ್ಲಿ. ಊಟಕ್ಕೆ ಕೂತವರ ಎಲೆ ಮುಂದೆ ನಿಂತು 'ಒಂದೇ ಒಂದು ಹೋಳಿಗೆ, ನಾಚ್ಕೋಬೇಡಿ' ಅನ್ನದಿದ್ದರೆ ಉಪಚಾರವೇ ಸರಿಯಾಗಲಿಲ್ಲ ಅನ್ನುತ್ತೇವೆ. ಎರಡು ಸಲ ಬೇಡ ಅಂದರೂ ಮೂರನೇ ಸಲ ಬಡಿಸುತ್ತೇವೆ. ನೆಂಟರು ಬಂದರೆ ಮಕ್ಕಳನ್ನು ಎದುರಿಗೆ ನಿಲ್ಲಿಸಿ 'ಮಾವಂಗೆ ನಮಸ್ಕಾರ ಮಾಡು, ಒಂದು ಹಾಡು ಹೇಳು, ಎಷ್ಟನೇ ಕ್ಲಾಸು ಹೇಳು' ಅನ್ನುತ್ತೇವೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ನಾನೂ ಹಾಗೇ ಬೆಳೆದವಳು, ನನಗೆ ಈ ಉಪಚಾರ ಇಷ್ಟ. ಆದರೆ ಈ ಮಗುವಿಗೆ ಒಂದು ಮದುವೆ ಮನೆ ಅಂದರೆ ನೂರು ಜನ ತಗಾದೆಯವರ ಮಧ್ಯೆ ನಿಂತ ಹಾಗೆ. ನಾವೀಗ ನೆಂಟರ ಮನೆಗೆ ಹೋಗುವ ಮೊದಲೇ ಫೋನ್ ಮಾಡುತ್ತೇವೆ. 'ಅವನನ್ನ ಮಾತಾಡಿಸಬೇಡಿ, ಬಡಿಸಕ್ಕೆ ಹೋಗಬೇಡಿ, ಅವಲಕ್ಕಿ ಡಬ್ಬ ಎಲ್ಲಿದೆ ಅಂತ ತೋರಿಸಿಬಿಡಿ ಸಾಕು' ಅಂತ. ಮೊದಮೊದಲು ಬೇಜಾರು ಮಾಡಿಕೊಂಡರು. ಈಗ ಅವನೇ ಹೋಗಿ ಅವರ ಪಕ್ಕ ಕೂರುತ್ತಾನೆ.

ಏನು ಮಾಡಬೇಕು ಅಂತ ನೀವು ಕೇಳುತ್ತೀರಿ. ಮೊದಲು ನಮ್ಮ ಮಾತನ್ನು ಒಮ್ಮೆ ನಾವೇ ಕೇಳಿಸಿಕೊಳ್ಳಬೇಕು. ಒಂದು ದಿನ ಬೆಳಿಗ್ಗೆ ಎಷ್ಟು ಸಲ ಆಜ್ಞೆ ಮಾಡುತ್ತೇನೆ ಅಂತ ಕ್ಯಾಲೆಂಡರಿನ ಹಿಂದೆ ಗೆರೆ ಎಳೆಯುತ್ತಾ ಹೋದೆ. ಶಾಲೆ ಬಸ್ಸು ಬರುವ ಹೊತ್ತಿಗೆ ನಲವತ್ತು ದಾಟಿತ್ತು. ಏಳು, ಹಲ್ಲುಜ್ಜು, ಬೇಗ, ಕೂರು, ತಿನ್ನು, ಅಲ್ಲಿ ನೋಡಬೇಡ, ಹಾಲು ಕುಡಿ. ನೋಡಿದರೆ ಅದರಲ್ಲಿ ಮೂವತ್ತು ಬೇಡದ್ದೇ.

ನಮ್ಮ ಕನ್ನಡದಲ್ಲಿ ಆಜ್ಞೆ ಇಲ್ಲದೆ ಹೇಳುವ ದಾರಿ ಬೇಕಾದಷ್ಟಿದೆ. 'ಚಳಿ ಇದೆ, ಸ್ವೆಟರ್ ಹಾಕು' ಅನ್ನುವ ಬದಲು 'ಹೊರಗೆ ಚಳಿ ಹಿಡಿದಿದೆ' ಅಂತ ಹೇಳಿ ಸ್ವೆಟರನ್ನು ಕುರ್ಚಿ ಮೇಲೆ ಇಟ್ಟು ಹೋಗುವುದು. 'ಏನೋ', 'ಅಂತ ಕಾಣತ್ತೆ', 'ಇರಬಹುದು', ಇವು ಎಷ್ಟು ಒಳ್ಳೆಯ ಪದಗಳು! ಅತ್ತೆ ಹಂಡೆಗೆ ಹೇಳಿದ ಮಾತಿನಲ್ಲಿ ಇವೇ ಇದ್ದವು. ಹೇಳಿ ಅಲ್ಲೇ ನಿಂತು ಕಾಯಬಾರದು. ಕಾದರೆ ಅದೂ ತಗಾದೆ. ಆರಿಸಿಕೊಳ್ಳಲು ಎರಡು ದಾರಿ ಕೊಡಬಹುದು, ಆದರೆ ಎರಡೂ ಬೇಡ ಅನ್ನಲು ಜಾಗ ಇರಬೇಕು. ಮಾತಿಗಿಂತ ಚೀಟಿ ವಾಸಿ. ನಮ್ಮ ಮನೆಯಲ್ಲಿ ಚೀಟಿಯನ್ನು ಆನೆ ಬರೆಯುತ್ತದೆ. ಇದು ಮೋಸ ಅಲ್ವಾ ಅಂತ ಒಬ್ಬರು ಕೇಳಿದ್ದರು. ಚೀಟಿ ಬರೆಯುವವಳು ನಾನು ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನಿಗೆ ಅದು ಆಟ, ಆಟದಲ್ಲಿ ಸೋಲುವುದು ಅಂತ ಇಲ್ಲ.

ಇನ್ನು ಹೊಗಳಿಕೆ. ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ರಾತ್ರಿ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತಾರೆ. ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಸುಲಿಯುತ್ತಾರೆ, ಕೂಲಿ ಡಬ್ಬಕ್ಕೆ ಇಷ್ಟು ಅಂತ. ಗಣಿತದ ನೋಟ್‌ಬುಕ್ ಕಂಡರೆ ಓಡುತ್ತಿದ್ದ ಇವನು ಅಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದ. ಒಂದು ರಾತ್ರಿ ಸುಲಿಯುತ್ತಿದ್ದ ಒಬ್ಬಾಕೆ 'ನಂದು ಎಷ್ಟು ಡಬ್ಬ ಆಯ್ತೋ ಏನೋ, ನೆನಪೇ ಹೋಯ್ತು' ಅಂದಳು. ಇವನು ಎದ್ದು ಒಂದು ಹಾಳೆ ತಂದ. ಆರು ಜನರ ಹೆಸರು ಬರೆದು, ಯಾರದು ಎಷ್ಟು ಡಬ್ಬ ಅಂತ ಗೆರೆ ಹಾಕಿ, ಕೊನೆಗೆ ಗುಣಿಸಿ ಕೂಲಿಯನ್ನೂ ಹೇಳಿದ. ಒಂದು ಪೈಸೆ ತಪ್ಪಿಲ್ಲ. ಮೂರು ರಾತ್ರಿ ಹೀಗೇ ನಡೆಯಿತು. ನಾನು ಸುಮ್ನೆ ಇರಬೇಕಿತ್ತು. ಖುಷಿ ತಡೆಯಲಾರದೆ 'ಶಹಬ್ಬಾಸ್ ಅಪ್ಪಿ! ಇನ್ಮೇಲೆ ದಿನಾ ನೀನೇ ಲೆಕ್ಕ ಬರಿ' ಅಂದುಬಿಟ್ಟೆ. ಮಾರನೇ ರಾತ್ರಿ ಆ ಹಾಳೆ ನಾಲ್ಕು ಚೂರಾಗಿ ಸಿಪ್ಪೆ ರಾಶಿಯಲ್ಲಿತ್ತು. ಆ ವರ್ಷ ಮತ್ತೆ ಅವನು ಸುಲಿಯುವ ಜಾಗಕ್ಕೆ ಬರಲಿಲ್ಲ.

ಹೊಗಳಿದರೆ ನಾಳೆಯೂ ಹಾಗೇ ಮಾಡಬೇಕು ಅಂತ ಆಗುತ್ತದೆ. ಬಹುಮಾನವೂ ಹಾಗೇ, 'ಮಾಡಿದರೆ ಕೊಡ್ತೀನಿ' ಅಂದರೆ ಒಂದರ ಬದಲು ಎರಡು ತಗಾದೆ. ಹಾಗಂತ ಮಗುವಿನ ಬಗ್ಗೆ ಒಳ್ಳೆಯ ಮಾತೇ ಆಡಬಾರದಾ? ಆಡಬೇಕು. ಅವನಿಗೆ ಕೇಳಿಸುವ ಹಾಗೆ ಬೇರೆಯವರ ಹತ್ತಿರ ಆಡಿ. 'ಮೊನ್ನೆ ಲೆಕ್ಕ ಜಗಳ ಇಲ್ಲದೆ ಮುಗೀತು' ಅಂತ ಯಜಮಾನರ ಹತ್ತಿರ ಹೇಳಿದರೆ ಸಾಕು.

ಎಲ್ಲವನ್ನೂ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಬಿಡದೇ ಇರುವ ವಿಷಯ ನಾಲ್ಕು. ಮಳೆಗಾಲದಲ್ಲಿ ತೋಟದ ಕೆಳಗಿನ ಹಳ್ಳಕ್ಕೆ ಇಳಿಯುವ ಹಾಗಿಲ್ಲ, ಬಾವಿ ಕಟ್ಟೆ ಹತ್ತುವ ಹಾಗಿಲ್ಲ, ಔಷಧಿ ಹೊಡೆಯುವ ಪಂಪು ಮುಟ್ಟುವ ಹಾಗಿಲ್ಲ, ತಂಗಿಗೆ ಹೊಡೆಯುವ ಹಾಗಿಲ್ಲ. ನಾಲ್ಕೇ ಇರುವುದರಿಂದ ನಾಲ್ಕೂ ನಿಲ್ಲುತ್ತವೆ. ಅಲ್ಲೂ 'ನಾನು ಹೇಳ್ತಿದ್ದೀನಿ' ಅನ್ನುವುದಿಲ್ಲ. 'ಹಳ್ಳದ ನೀರು ಕೆಂಪಾಗಿದೆ, ತಳ ಕಾಣ್ತಿಲ್ಲ' ಅನ್ನುತ್ತೇವೆ. ಹಳ್ಳದ ಮಾತನ್ನು ಅವನು ಕೇಳುತ್ತಾನೆ. ಪೂರ್ತಿ ಸಿಡಿದ ಹೊತ್ತಿನಲ್ಲಿ ಮಾತೇ ಬೇಡ. ಬುದ್ಧಿ ಹೇಳುವುದೂ ಬೇಡ, ಪ್ರಶ್ನೆಯೂ ಬೇಡ. ತಂಗಿಯನ್ನು ದೂರ ಕಳಿಸಿ, ದೀಪ ಸಣ್ಣ ಮಾಡಿ, ಬಾಗಿಲ ಹತ್ತಿರ ಮುಖ ತಿರುಗಿಸಿ ಕೂತಿರುತ್ತೇನೆ.

ಇಲ್ಲಿ ಬಹಳ ಜನ ಮೇಷ್ಟ್ರು, ಟೀಚರುಗಳು ಬಂದಿದ್ದೀರಿ. ನೀವು ಹೇಳುವ ಒಂದು ಮಾತು ನಮ್ಮನ್ನು ಕುಗ್ಗಿಸುತ್ತದೆ: 'ಶಾಲೆಯಲ್ಲಿ ಚೆನ್ನಾಗಿಯೇ ಇರ್ತಾನಲ್ಲ, ಮನೆಯಲ್ಲಿ ಯಾಕೆ ಹಾಗೆ?' ಈ ಮಕ್ಕಳಲ್ಲಿ ಕೆಲವರು ಶಾಲೆಯಲ್ಲಿ ಉಸಿರು ಬಿಗಿಹಿಡಿದು ಎಲ್ಲರ ಹಾಗೇ ಇರುತ್ತಾರೆ. ಬಸ್ಸಿಳಿದು ಗೇಟು ದಾಟಿದ ಕೂಡಲೇ ಅಂಗಳದಲ್ಲೇ ಸಿಡಿಯುತ್ತಾರೆ. ಮನೆಯಲ್ಲಿ ಸಿಡಿಯುವುದು ಅಲ್ಲಿ ಧೈರ್ಯ ಇರುವುದರಿಂದ. ಇವನು ಮೊದಲು ಹೋಗುತ್ತಿದ್ದ ಶಾಲೆಯಲ್ಲಿ ಹೋಂವರ್ಕ್ ತರಲಿಲ್ಲ ಅಂತ ಒಂದು ವಾರ ದಿನಾ ಹೊರಗೆ ನಿಲ್ಲಿಸಿದರು. ಎಂಟನೇ ದಿನದಿಂದ ಅವನು ಯೂನಿಫಾರ್ಮ್ ಕಂಡರೆ ವಾಂತಿ ಮಾಡುತ್ತಿದ್ದ. ಏಳು ತಿಂಗಳು ಶಾಲೆ ತಪ್ಪಿತು. ಈಗಿನ ಶಾಲೆಯ ಟೀಚರ್ ಮಾಡಿದ್ದು ದೊಡ್ಡದೇನೂ ಅಲ್ಲ. ಬಾಗಿಲ ಹತ್ತಿರ ಜಾಗ ಕೊಟ್ಟರು. ಕೇಳದೆ ಎದ್ದು ಹೋಗಿ ಗಿಡಗಳ ಹತ್ತಿರ ಕೂರಬಹುದು ಅಂದರು. ಏಕಾಏಕಿ ಎಬ್ಬಿಸಿ ಪ್ರಶ್ನೆ ಕೇಳುವುದನ್ನು ಬಿಟ್ಟರು. ಹೋಂವರ್ಕ್ ಬೇಡವೇ ಬೇಡ ಅಂದರು. ಬೋರ್ಡಿನ ಮೇಲೆ ಬೇಕಂತಲೇ ಒಂದು ತಪ್ಪು ಲೆಕ್ಕ ಬರೆದು 'ಇದು ಸರಿ ಬರ್ತಿಲ್ವಲ್ಲ' ಅಂತ ತಲೆ ಕೆರೆದುಕೊಂಡು ನಿಲ್ಲುತ್ತಾರಂತೆ. ಅವರಿಗೆ ನಾನು ಎಷ್ಟು ಋಣಿ ಅಂತ ಹೇಳಲಾರೆ.

ಆಸ್ಪತ್ರೆ, ಕಾಗದಪತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಗು ಎಲ್ಲದಕ್ಕೂ ಬೇಡ ಅಂದರೆ ಅದೆಲ್ಲ ಪಿಡಿಎ ಅಂತ ಅಲ್ಲ. ಕಿವಿ ನೋವು, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಕಲಿಕೆಯ ತೊಂದರೆ, ಯಾರಾದರೂ ಹಿಂಸೆ ಕೊಡುತ್ತಿರುವುದು, ಇವನ್ನೆಲ್ಲ ಮೊದಲು ನೋಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಒಂದು. ವಿಕಲಚೇತನರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಪ್ರಮಾಣಪತ್ರ ಆಟಿಸಂ ಹೆಸರಲ್ಲೇ ಆಗುತ್ತದೆ, ಪಿಡಿಎ ಅಂತ ಯಾರೂ ಬರೆದುಕೊಡುವುದಿಲ್ಲ. ಇಲ್ಲಿಯ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಇನ್ನೂ ವಿವರವಾದ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮಗೇ ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಷ್ಟವನ್ನು ಬಾಯಿಬಿಟ್ಟು ಹೇಳಬಹುದು ಅಂತ ಜನಕ್ಕೆ ಕಲಿಸಿದ ಊರು ಇದು. ಸಂಕೋಚ ಬೇಡ.

ಕೊನೆಯಲ್ಲಿ ಸಭೆಯಿಂದ ಒಬ್ಬ ಅಜ್ಜ ಎದ್ದು ನಿಂತರು. ಮೊಮ್ಮಗಳಿಗೆ ಹತ್ತು ವರ್ಷವಂತೆ. 'ಎಲ್ಲ ಸರಿ ತಂಗಿ, ಆದ್ರೆ ಹೀಗೇ ಬಿಡ್ತಾ ಹೋದ್ರೆ ಮುಂದೆ ಅವಳು ಬದುಕೋದು ಹೇಗೆ? ಪ್ರಪಂಚ ಚೀಟಿ ಬರೆದು ಇಡ್ತದಾ?' ಅಂದರು. ಅವರ ಧ್ವನಿ ನಡುಗುತ್ತಿತ್ತು. ನನ್ನನ್ನು ರಾತ್ರಿ ಎಬ್ಬಿಸುವ ಪ್ರಶ್ನೆಯೂ ಅದೇ.

ನನಗೆ ತಿಳಿದಷ್ಟು ಅವರಿಗೆ ಹೇಳಿದೆ. ಒತ್ತಾಯ ಮಾಡಿದ ಎರಡು ವರ್ಷದಲ್ಲಿ ನನ್ನ ಮಗ ಸ್ನಾನ, ಶಾಲೆ, ಊಟ, ಮಾತು ಒಂದೊಂದಾಗಿ ಕಳೆದುಕೊಂಡ. ಬಿಟ್ಟ ಮೇಲೆ ಒಂದೊಂದಾಗಿ ವಾಪಸ್ ಬಂದವು, ನಾನು ಅಂದುಕೊಂಡ ಕ್ರಮದಲ್ಲಿ ಅಲ್ಲ. ಈಗ ಅವನಿಗೆ ಹದಿಮೂರು. ವಾರಕ್ಕೆ ಮೂರು ದಿನ ಶಾಲೆಗೆ ಹೋಗುತ್ತಾನೆ, ಮಧ್ಯಾಹ್ನದವರೆಗೆ. ಕೆಲವು ವಾರ ಒಂದೇ ದಿನ. ಬೆಳಿಗ್ಗೆ ಎದ್ದಾಗ 'ಇವತ್ತು ನಂಗೆ ಆಗಲ್ಲ ಅಂತ ಕಾಣತ್ತೆ' ಅಂತ ಅವನೇ ಹೇಳುತ್ತಾನೆ. ಕಚ್ಚುವುದಿಲ್ಲ, ಅಟ್ಟ ಹತ್ತುವುದಿಲ್ಲ. ಕಳೆದ ಕೊಯ್ಲಿನಲ್ಲಿ ಯಾರೂ ಕೇಳದೆ ಮತ್ತೆ ಸುಲಿಯುವ ಜಾಗಕ್ಕೆ ಬಂದು ಕೂತ. ಕೈಯಲ್ಲಿ ಹಾಳೆ ಇತ್ತು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.